ಮಡಿಲುಸೊಪ್ಪು

ಆಗ ನಮ್ಮ ಕಡೆ ಮನೆಯಲ್ಲೊಂದು ಹೆರಿಗೆ ಆಯಿತೆಂದರೆ, ಕೈಕಾಲು ಗಟ್ಟಿಯಾದ ಮಕ್ಕಳನ್ನು ನೆಂಟರ ಮನೆಗಳಿಗೆ ಹಂಚಿಬಿಡುತ್ತಿದ್ದರು. ಮೈಸೂರಿನಲ್ಲಿ ಮಹಾರಾಜರಿದ್ದ ಕಾಲ. ದುರ್ಗದ ಬೀದಿಗಳಲ್ಲಿ ಎತ್ತಿನ ಕೊರಳ ಗಂಟೆ ಬಿಟ್ಟರೆ ದೊಡ್ಡ ಸದ್ದು ಬೇರೆ ಇರಲಿಲ್ಲ. ಮತ್ತೋಡಿನಲ್ಲಿ ಅವ್ವ ನನ್ನ ತಮ್ಮನನ್ನು ಹೆತ್ತಾಗ ನನ್ನನ್ನು ಚಿತ್ರದುರ್ಗದ ಚಿಕ್ಕವ್ವನ ಮನೆಗೆ ಕಳಿಸಿದರು. ಒಂಬತ್ತೋ ಹತ್ತೋ ವಯಸ್ಸು ನನಗೆ. ಗಾಡಿಯಲ್ಲಿ ಒಂದು ಮೂಟೆ ಶೇಂಗಾ, ಒಂದು ಗಡಿಗೆ ಬೆಲ್ಲ, ಜೊತೆಗೆ ನಾನು. ಚಿಕ್ಕವ್ವ ಮೊದಲು ನನ್ನ ಕೆನ್ನೆ ಹಿಂಡಿ, ಆಮೇಲೆ ಬೆಲ್ಲದ ಗಡಿಗೆಗೆ ಕೈಹಾಕಿದಳು. ಅಷ್ಟಕ್ಕೇ ನಾನು ಅವಳ ಪಕ್ಷ ಸೇರಿಬಿಟ್ಟೆ.

ಪಕ್ಷ ಅಂದೆನಲ್ಲ, ಆ ಮನೆಯಲ್ಲಿ ಪಕ್ಷಗಳಿದ್ದದ್ದು ನಿಜ. ಅವ್ವನ ಬೆನ್ನಿಗೆ ಹುಟ್ಟಿದ ನನ್ನ ಚಿಕ್ಕವ್ವ ನೀಲಮ್ಮನಿಗೆ ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಚಿಕ್ಕಪ್ಪನದು ಹತ್ತಿ ವ್ಯಾಪಾರ. ಮಾತು ಹತ್ತಿಗಿಂತ ಹಗುರ, ಅದೂ ಅಪರೂಪ. ಮನೆಯ ಯಜಮಾನಿಕೆ ಅವನ ತಾಯಿ ಬಸಜ್ಜಿಯದು. ಬಸಜ್ಜಿ ಕೆಟ್ಟವಳಲ್ಲ, ಈ ಮಾತು ಮೊದಲೇ ಹೇಳಿಬಿಡಬೇಕು. ಒಕ್ಕಲುತನದ ಮನೆಯಿಂದ ಬಂದವಳು. ಅಟ್ಟದ ಮೇಲಿನ ಬೀಜದ ಗಡಿಗೆಗಳೇ ಅವಳ ಪ್ರಾಣ. ರಾಗಿ, ನವಣೆ, ಅವರೆ, ಹುಚ್ಚೆಳ್ಳು ಎಲ್ಲಕ್ಕೂ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ಸಗಣಿಯಿಂದ ಬಾಯಿ ಮೆತ್ತಿ ಇಡುತ್ತಿದ್ದಳು. ಬಿತ್ತನೆಯ ಹೊತ್ತಿಗೆ ಒಂದು ಚಿಟಿಕೆ ಅಂಗೈಯಲ್ಲಿ ತಿಕ್ಕಿ, ಇದು ಮೊಳೆಯುತ್ತೆ, ಇದು ಮೊಳೆಯಲ್ಲ ಎಂದುಬಿಡುವಳು. ಬೀದಿಯವರು ಅವಳ ಮಾತನ್ನು ನಂಬಿ ಹೊಲಕ್ಕಿಳಿಯುತ್ತಿದ್ದರು.

ಅಂಥವಳಿಗೆ ಸೊಸೆಯ ಮಡಿಲು ಬರಿದಾಗಿರುವುದನ್ನು ನೋಡಿಕೊಂಡು ಕೂರಲು ಆಗಲಿಲ್ಲ. ಮಗನಿಗೆ ಎರಡನೆಯ ಹೆಂಡತಿ ಮಾಡಬೇಕೆಂದು ಹೊಳಲ್ಕೆರೆಯಲ್ಲಿ ಒಂದು ಹುಡುಗಿಯನ್ನು ನೋಡಿಟ್ಟಿದ್ದಳು. ಶ್ರಾವಣದಲ್ಲಿ ಹಾಲುರಾಮೇಶ್ವರಕ್ಕೆ ಹೋಗಿ ಅಲ್ಲಿಯ ಹೊಂಡದ ಗಂಗಮ್ಮನನ್ನು ಒಂದು ಸಲ ಕೇಳುವುದು, ತಾಯಿ ಇಲ್ಲವೆಂದರೆ ದೀಪಾವಳಿ ಕಳೆದ ಮೇಲೆ ಮದುವೆ. ಇದು ನನಗೂ ಗೊತ್ತಿತ್ತು, ಮನೆಯ ಬೆಕ್ಕಿಗೂ ಗೊತ್ತಿತ್ತು.

ಚಿಕ್ಕವ್ವ ಮಾತ್ರ ಗೊತ್ತಿಲ್ಲದವಳ ಹಾಗೆ ಇರುತ್ತಿದ್ದಳು. ಕೆಲಸ ಮುಗಿದ ಮೇಲೆ ನನ್ನನ್ನು ಕರೆದುಕೊಂಡು ಹಿತ್ತಲಿಗೆ ಹೋಗುವಳು. ನಮ್ಮ ಹಿತ್ತಲು ಕೋಟೆಯ ಬಂಡೆಗಳಿಗೆ ತಾಕಿಕೊಂಡಿತ್ತು. ನಾನು ಬಂದದ್ದು ಬಿಸಿಲಿನ ಕೊನೆಯಲ್ಲಿ. ಬಂಡೆಯ ಸಂದುಗಳಲ್ಲಿ ಏನೋ ಕಂದು ಬಣ್ಣದ್ದು, ಮುದುಡಿ ಸುಟ್ಟ ಪೊರಕೆಕಡ್ಡಿಯ ಹಾಗೆ ಕೂತಿತ್ತು.

"ನೋಡೇ ಪಾರಿ, ಇದು ಸತ್ತೈತಾ ಬದುಕೈತಾ?"

"ಸತ್ತೈತೆ, ಮುಟ್ಟಿದ್ರೆ ಪುಡಿಯಾಗ್ತದೆ."

"ಹಂಗಾರೆ ಮಳೆ ಬರ್ಲಿ, ತಡಿ."

ಮೊದಲ ಮಳೆ ಬಂತು. ಕಾದ ಬಂಡೆಯ ಮೇಲೆ ಬಿದ್ದ ನೀರಿನ ವಾಸನೆ ಹುರಿದ ರಾಗಿಯ ವಾಸನೆಯಂತೆ ಮನೆಯೊಳಗೆಲ್ಲ ತುಂಬಿಕೊಂಡಿತು. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಆ ಸುಟ್ಟ ಕಡ್ಡಿಗಳೆಲ್ಲ ಹಸಿರಾಗಿ, ಬೆರಳುದ್ದದ ಬೀಸಣಿಗೆಗಳಾಗಿ ಬಿಚ್ಚಿಕೊಂಡಿದ್ದವು. ನವಿಲಿನ ತಲೆಯ ಮೇಲಿನ ಜುಟ್ಟೇ ಸರಿ. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಈಗಲೂ ಅದನ್ನು ನೆನೆದರೆ ಬಾಯಿ ತೆರೆದೇ ಇರುತ್ತದೆ. ಶಿವ ಸತ್ತವರನ್ನು ಎಬ್ಬಿಸಿದ ಕಥೆ ಕೇಳಿದ್ದೆ, ಹಿತ್ತಲಲ್ಲೇ ಎಬ್ಬಿಸುತ್ತಾನೆಂದು ತಿಳಿದಿರಲಿಲ್ಲ.

ಆ ಮಳೆಗಾಲ ಪೂರ್ತಿ ನಮಗೆ ಅದೇ ಆಟ. ಕುಂಟಾಬಿಲ್ಲೆ, ಅಣ್ಣೆಕಲ್ಲು ಎಲ್ಲ ಮರೆತುಹೋಯಿತು. ಬಾವಿಯ ಒಳಗೋಡೆಯಲ್ಲಿ ಒಂದು ಜರಿಗಿಡ ಜೋತುಬಿದ್ದಿತ್ತು. ಅದರ ಕಡ್ಡಿ ಎಣ್ಣೆ ಹಚ್ಚಿದ ಕೂದಲಿನಂತೆ ಕಪ್ಪು, ಎಲೆಯನ್ನು ನೀರಲ್ಲಿ ಮುಳುಗಿಸಿ ತೆಗೆದರೂ ಒದ್ದೆಯಾಗದು, ಹನಿಗಳು ಮುತ್ತಿನಂತೆ ಉರುಳಿ ಹೋಗುವವು. ಗಾರೆ ಬಿದ್ದ ಗೋಡೆಯಲ್ಲಿ ಏಣಿಯಂಥ ಉದ್ದನೆಯ ಎಲೆಯದು ಇನ್ನೊಂದು. ಬಂಡೆಯ ನೆರಳಿನಲ್ಲಿ ಬೆನ್ನಿಗೆ ಬಿಳಿ ಹಿಟ್ಟು ಬಳಿದುಕೊಂಡ ಮತ್ತೊಂದು. ಅದನ್ನು ಮುಂಗೈಗೆ ಇಟ್ಟು ಚಪ್ಪರಿಸಿದರೆ ಎಲೆ ಇದ್ದ ಹಾಗೇ ವಿಭೂತಿಯಲ್ಲಿ ಬರೆದಂತೆ ಅಚ್ಚು ಬೀಳುತ್ತಿತ್ತು. ಚಿಕ್ಕವ್ವನ ಎರಡೂ ಕೈಗೆ ನಾನು ಅಚ್ಚು ಹಾಕುವೆ, ಅವಳು ನನ್ನ ಹಣೆಗೆ ಹಾಕುವಳು. ಎಲ್ಲವೂ ಹುಟ್ಟುವಾಗ ಮಾತ್ರ ಒಂದೇ ರೀತಿ, ಮುಷ್ಟಿ ಕಟ್ಟಿದ ಹಸುಗೂಸಿನ ಕೈಯಂತೆ ಸುರುಳಿ ಸುತ್ತಿಕೊಂಡು ಬರುತ್ತಿದ್ದವು. ಇಷ್ಟು ಥರದ್ದು, ಒಂದಕ್ಕೂ ಹೂವಿಲ್ಲ, ಕಾಯಿಲ್ಲ. ಎಷ್ಟು ಹುಡುಕಿದರೂ ಇಲ್ಲ.

ಅದಕ್ಕೇ ಬಸಜ್ಜಿ ಅವನ್ನೆಲ್ಲ ಒಟ್ಟಿಗೆ ಬಂಜೆಸೊಪ್ಪು ಅನ್ನುತ್ತಿದ್ದಳು.

ಒಂದು ದಿನ ನಾನು ಒಂದು ಹಿಡಿ ಕಿತ್ತು ದೇವರ ಮುಂದೆ ಇಡಲು ತಂದೆ. ಅಜ್ಜಿ ಹೊಸಲಲ್ಲೇ ತಡೆದಳು. "ಏ ಹುಡುಗಿ, ಆಚೆ ಬಿಸಾಕು! ಹೂ ಬಿಡಲ್ಲ, ಕಾಯಿ ಕಟ್ಟಲ್ಲ, ಅದನ್ನ ಶಿವನಿಗೆ ಏರಿಸ್ತೀಯಾ? ಇರೋದು ಒಂದು ಸಾಲ್ದು ಅಂತ ಇದೊಂದು ಬ್ಯಾರೆ ಒಳಗ್ ಬರ್ಬೇಕಾ?"

ಒಳಗೆ ಮುದ್ದೆ ತೊಳಸುತ್ತಿದ್ದ ಚಿಕ್ಕವ್ವನ ಕೋಲು ನಿಂತಿತು. ಆಮೇಲೆ ಮತ್ತೆ ತಿರುಗಿತು. ಅವತ್ತಿನ ಮುದ್ದೆಯಲ್ಲಿ ಗಂಟಿದ್ದವು. ಹಾಗೇ ನುಂಗಿದೆವು.

ಶ್ರಾವಣ ಬಂತು. ಕಮಾನು ಗಾಡಿ ಕಟ್ಟಿಸಿಕೊಂಡು ನಾವು ನಾಲ್ಕೂ ಜನ ಹೊರಟೆವು. ಸಜ್ಜೆ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಮೊಸರಿನ ಕುಡಿಕೆ. ದಾರಿ ಹೊಳಲ್ಕೆರೆಯ ಮೇಲೆಯೇ ಹೋಗಬೇಕು. ಅಲ್ಲಿ ಅಜ್ಜಿ ಬೇಕೆಂದೇ ಆ ಹುಡುಗಿಯ ಮನೆಯ ಮುಂದೆ ಗಾಡಿ ನಿಲ್ಲಿಸಿದಳು. "ಬರ್ರಿ, ಕುಂತ್ಕಳ್ರಿ" ಎಂದು ಕಂಬಳಿ ಹಾಸಿದರು. ಹುಡುಗಿ ಮಜ್ಜಿಗೆ ತಂದಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಚಿಕ್ಕವ್ವನಿಗೆ ಲೋಟ ಕೊಡುವಾಗ ಅದು ವಾಲಿ ಮಜ್ಜಿಗೆ ಸೀರೆಯ ಮೇಲೆ ಚೆಲ್ಲಿತು.

"ತಪ್ಪಾತು ಅಕ್ಕಾ."

"ಮಜ್ಜಿಗೆ ತಾನೆ ಮಗ, ಒಣಗ್ತದೆ" ಅಂದಳು ಚಿಕ್ಕವ್ವ, ಹುಡುಗಿಯ ಜಡೆಯಿಂದ ಜಾರಿದ್ದ ಹೂವನ್ನು ಸರಿಯಾಗಿ ಮುಡಿಸಿದಳು. ಚಿಕ್ಕಪ್ಪ ಎದ್ದು ಎತ್ತುಗಳಿಗೆ ನೀರು ಕುಡಿಸಲು ಹೋದವನು ಹೊರಡುವ ತನಕ ಒಳಗೆ ಬರಲಿಲ್ಲ. ಎತ್ತುಗಳು ಅಷ್ಟು ನೀರು ಯಾವತ್ತೂ ಕುಡಿದಿರಲಾರವು.

ಹಾಲುರಾಮೇಶ್ವರದ ಹೊಂಡ ನೀವು ನೋಡಿರಬಹುದು. ಹರಕೆ ಹೊತ್ತವರು ಪೂಜೆ ಮಾಡಿಸಿ, ಮೆಟ್ಟಿಲ ಮೇಲೆ ಕೂತು ಗಂಗಮ್ಮನನ್ನು ಬೇಡಿಕೊಳ್ಳುತ್ತಾರೆ. ಆಗ ನೀರಿನಲ್ಲಿ ಏನು ತೇಲಿಬರುತ್ತದೋ ಅದೇ ತಾಯಿಯ ಉತ್ತರ. ನಮಗಿಂತ ಮುಂಚೆ ಕೂತವಳಿಗೆ ನಿಂಬೆಹಣ್ಣು ಬಂತು. ಅವಳ ಮನೆಯವರು ಅಲ್ಲೇ ಅತ್ತರು, ನಕ್ಕರು. ಚಿಕ್ಕವ್ವ ಇಳಿದು ಸೆರಗು ಹರಡಿ ಕಣ್ಣು ಮುಚ್ಚಿದಳು. ಅಜ್ಜಿ ಹಿಂದೆ ನಿಂತು ಶಿವಾ ಶಿವಾ ಅನ್ನುತ್ತಿದ್ದಳು. ಅವಳೂ ಹಣ್ಣೇ ಬರಲೆಂದು ಬೇಡುತ್ತಿದ್ದಳು, ಅದು ನನಗೆ ಅವಳ ದನಿಯಲ್ಲಿ ತಿಳಿಯಿತು. ಬಹಳ ಹೊತ್ತು ನೀರು ಸುಮ್ಮನಿತ್ತು. ಆಮೇಲೆ ಹಸಿರಾದದ್ದೊಂದು ಮೆಲ್ಲಗೆ ತಿರುಗುತ್ತ ಬಂದು ಸೆರಗಿನೊಳಗೆ ಸೇರಿತು.

ಜರಿಗಿಡದ ಎಲೆ. ಮೊಳದುದ್ದ, ಎರಡೂ ಕಡೆ ಗರಗಸದಂತೆ ಸೀಳಿದ್ದು.

"ಬಂಜೆಸೊಪ್ಪು" ಅಂದಳು ಅಜ್ಜಿ. ಬೈದದ್ದಲ್ಲ. ಕಾಲ ಕೆಳಗಿನ ಮೆಟ್ಟಿಲು ಕುಸಿದವಳಂತೆ ಅಂದಳು. "ತಾಯಿ ಬಾಯಿಬಿಟ್ಟು ಹೇಳಿಬಿಟ್ಲಲ್ಲೇ ನೀಲಾ. ಇನ್ನು ನನ್ನ ಕೈಯಾಗೆ ಏನೈತೆ?"

 ಚಿಕ್ಕವ್ವ ಎಲೆಯನ್ನು ನೀರಿಗೆ ಬಿಡಲಿಲ್ಲ. ಗಂಗಮ್ಮ ಕೊಟ್ಟದ್ದು ಏನೇ ಆಗಲಿ ಪ್ರಸಾದವೇ ಎಂದು ಒರೆಸಿ, ಪೂಜೆಯ ಬಿಳಿ ವಸ್ತ್ರದಲ್ಲಿ ಮಡಿಸಿ, ವಿಭೂತಿ ಗಟ್ಟಿಯ ಜೊತೆ ಗಂಟು ಕಟ್ಟಿ, ರಾತ್ರಿ ಛತ್ರದಲ್ಲಿ ತಲೆದೆಸೆಗೆ ಇಟ್ಟುಕೊಂಡು ಮಲಗಿದಳು.

ಬೆಳಿಗ್ಗೆ ವಿಭೂತಿ ತೆಗೆಯಲೆಂದು ಅಜ್ಜಿಯೇ ಆ ಗಂಟು ಬಿಚ್ಚಿದಳು. ಎಲೆ ಬಾಡಿತ್ತು. ಅದನ್ನು ಎತ್ತಿದಳು. ಎತ್ತಿದವಳು ಹಾಗೇ ನಿಂತಳು.

ಬಿಳಿ ವಸ್ತ್ರದ ಮೇಲೆ ಎಲೆ ಇತ್ತು. ಕೈಯಲ್ಲೂ ಇತ್ತು, ವಸ್ತ್ರದಲ್ಲೂ ಇತ್ತು. ಕಂದು ಪುಡಿಯಲ್ಲಿ ಒಂದೊಂದು ಸೀಳೂ ಬರೆದಂತೆ, ರಂಗೋಲಿ ಹಾಕುವ ಕೈ ಕೂಡ ನಾಚಬೇಕು, ಅಷ್ಟು ಸೂಕ್ಷ್ಮ. ಕೈಯಲ್ಲಿದ್ದ ಎಲೆಯನ್ನು ಅಜ್ಜಿ ಮಗುಚಿದಳು. ಬೆನ್ನ ತುಂಬ ಕಂದು ಚುಕ್ಕಿಗಳು, ರಾಗಿಗಿಂತ ಸಣ್ಣವು, ಪ್ರತಿ ಸೀಳಿನಲ್ಲೂ ಎರಡೆರಡು ಸಾಲು, ಸೂಜಿಯಲ್ಲಿ ಹೊಲಿದ ಹಾಗೆ. ನಾವೆಲ್ಲ ಈ ಗಿಡಗಳ ಮುಖ ನೋಡಿದ್ದೆವು. ಕಾಯಿ ಹುಡುಕಲು ಯಾರೂ ಬೆನ್ನು ನೋಡಿರಲಿಲ್ಲ.

ಅಜ್ಜಿ ಕೂತಳು. ಬೆರಳ ತುದಿಗೆ ಪುಡಿ ಒತ್ತಿಕೊಂಡು ಅಂಗೈಯಲ್ಲಿ ತಿಕ್ಕಿದಳು, ಬಿತ್ತನೆಯ ಹೊತ್ತಿನಲ್ಲಿ ತಿಕ್ಕುವ ಹಾಗೆಯೇ. ಬೆಳಕಿಗೆ ಹಿಡಿದಳು. ಉಸಿರಾಡಿದರೆ ಹಾರಿಹೋಗುತ್ತದೆಂದು ಮೂಗು ತಿರುಗಿಸಿಕೊಂಡು ನೋಡಿದಳು.

"ನೀಲಾ, ಇದು ಧೂಳಲ್ಲ ಕಣೇ. ಬೀಜ."

"ಏನಂದ್ರಿ ಅತ್ತೆಮ್ಮಾ?"

"ಬೀಜ ಅಂದೆ. ಒಂದು ಎಲೆಗೆ ಇಷ್ಟು! ನನ್ನ ಅಟ್ಟದ ಗಡಿಗೆ ಎಲ್ಲಾ ಸುರಿದ್ರೂ ಇಷ್ಟು ಕಾಳು ಬರಾಕಿಲ್ಲ. ಇದನ್ನ ನಾನು ಬಂಜೆ ಅಂತಿದ್ನೇ?"

ಚಿಕ್ಕವ್ವನ ಕಣ್ಣಲ್ಲಿ ನೀರು ಬಂತು. ಅಜ್ಜಿ ಮಾತ್ರ ಅಷ್ಟು ಬೇಗ ಕರಗುವವಳಲ್ಲ. "ಅಳಬ್ಯಾಡ, ಇನ್ನೂ ಏನೂ ಆಗಿಲ್ಲ. ಗಂಗಮ್ಮ ಬೀಜ ಕೊಟ್ಟವಳೆ, ಅಷ್ಟೇ. ಬೀಜ ಅಂದ್ಮೇಲೆ ಮೊಳೀಬೇಕು. ಮೊಳೆತ್ರೆ ಹೊಳಲ್ಕೆರೆ ಮಾತು ಬಿಟ್ಟೆ. ಮೊಳೀಲಿಲ್ಲ ಅಂದ್ರೆ ನೀನು ನನ್ನ ದೂರಬ್ಯಾಡ." ಪುಡಿಯನ್ನು ವೀಳ್ಯದೆಲೆಗೆ ಉದುರಿಸಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮನೆಗೆ ಬಂದವಳೇ ಕುಂಡಕ್ಕೆ ಕೆಮ್ಮಣ್ಣು, ಆಡಿನ ಗೊಬ್ಬರ, ಬೂದಿ ಹದವಾಗಿ ಬೆರೆಸಿ, ರಾಗಿ ಚೆಲ್ಲಿದ ಹಾಗೆ ಚೆಲ್ಲಿ, ಮೇಲೆ ಮಣ್ಣು ಮುಚ್ಚಿ, ಒಳ್ಳೆ ಬಿಸಿಲಿಗೆ ಇಟ್ಟಳು. ಜೀವಮಾನವೆಲ್ಲ ಮಾಡಿದ ಕೆಲಸ, ಎಳ್ಳಷ್ಟೂ ಮೋಸವಿಲ್ಲದೆ ಮಾಡಿದಳು. ಬೆಳಿಗ್ಗೆ ಸಂಜೆ ಚಿಕ್ಕವ್ವ ಆ ಕುಂಡದ ಮುಂದೆ ನಿಲ್ಲುವಳು. ಗಣಪತಿ ಹಬ್ಬ ಹೋಯಿತು, ದಸರಾ ಹೋಯಿತು. ಕುಂಡದಲ್ಲಿ ಎದ್ದದ್ದು ಒಂದು ಎಳೆ ಗರಿಕೆ. ಅದನ್ನು ಕಂಡು ನಾನು ಕೂಗಿಕೊಂಡು ಕುಣಿದೆ, ಅಜ್ಜಿ ಬಂದು ಕಿತ್ತೆಸೆದಳು. ದೀಪಾವಳಿಯ ಎಣ್ಣೆಸ್ನಾನವೂ ಮುಗಿಯಿತು. ಅಜ್ಜಿ ಕುಂಡದ ಮಣ್ಣು ತೆಗೆದು ಅಂಗೈಯಲ್ಲಿ ತಿಕ್ಕಿದಳು.

"ಇಲ್ಲ. ಸೋಮವಾರ ಹೊಳಲ್ಕೆರೆಗೆ ಗಾಡಿ ಕಳಸಾಣ."

ಆಗ ಚಿಕ್ಕಪ್ಪ ಬಾಯಿಬಿಟ್ಟ. "ಅವ್ವಾ, ನೀರಾಗೆ ಬೆಳ್ಯೋದನ್ನ ಬಿಸಿಲಾಗೆ ಹೂತು ಮೊಳೀಲಿಲ್ಲ ಅಂತೀಯಲ್ಲ."

"ನೀನು ಹತ್ತಿ ತೂಗು ಹೋಗಲೇ. ಬೀಜದ ಮಾತು ನನಗೆ ಹೇಳಾಕ್ ಬರ್ತಾನೆ."

ಭಾನುವಾರ ನಾನು ಬಚ್ಚಲಲ್ಲಿ ಮೈತೊಳೆದುಕೊಳ್ಳುತ್ತಿದ್ದೆ. ಬಚ್ಚಲ ಗೋಡೆಯ ಬುಡದಲ್ಲಿ ಹಳೇ ಇಟ್ಟಿಗೆಗಳಿದ್ದವು; ಹಾಲುರಾಮೇಶ್ವರದಿಂದ ಬಂದ ದಿನ ಚಿಕ್ಕವ್ವ ಪೂಜೆಯ ವಸ್ತ್ರ ಕುಕ್ಕಿ ತೊಳೆದ ಜಾಗ ಅದೇ. ನೋಡುತ್ತೇನೆ, ಇಟ್ಟಿಗೆಯ ಮೇಲೆ ಹಸಿರು ಬಿಲ್ಲೆಗಳು! ಕಿರುಬೆರಳಿನ ಉಗುರಿನಷ್ಟು, ಒಂದೊಂದೂ ಎಳೇ ವೀಳ್ಯದೆಲೆಯನ್ನು ಕುಗ್ಗಿಸಿ ಅಂಟಿಸಿದ ಹಾಗೆ, ಆಚೆಯ ಬೆಳಕು ಈಚೆ ಕಾಣುವಷ್ಟು ತೆಳು. ಒದ್ದೆ ಮೈಯಲ್ಲೇ ಓಡಿದೆ.

ಅಜ್ಜಿ ಮೊಣಕಾಲೂರಿ ನೋಡಿದಳು. "ಪಾಚಿ ಇದು."

"ಪಾಚಿಗೆ ಇಂಥಾ ಆಕಾರ ಇರ್ತೈತಾ ಅತ್ತೆಮ್ಮಾ?" ಚಿಕ್ಕವ್ವ ಜನ್ಮದಲ್ಲಿ ಮೊದಲ ಸಲ ಎದುರು ಮಾತಾಡಿದಳು.

"ಆ ಎಲೆಗೂ ಇದಕ್ಕೂ ಏನೇ ಸಂಬಂಧ? ಎಲ್ಲಿ ಸೀಳು, ಎಲ್ಲಿ ಕಡ್ಡಿ?"

"ಅವರೆ ಮೊಳೆತಾಗ ಮೊದ್ಲು ಬರೋ ಜೋಡಿ, ಅವರೆ ಎಲೆ ಹಂಗೆ ಇರ್ತೈತಾ? ನೀವೇ ತೋರ್ಸಿದ್ರಿ ನನಗೆ."

 ಅಜ್ಜಿ ಮತ್ತೆ ಬಗ್ಗಿ ನೋಡಿದಳು. ಬೀಜದ ನ್ಯಾಯ ಯಾರ ಬಾಯಿಂದ ಬಂದರೂ ಅವಳಿಗೆ ಅದು ನ್ಯಾಯವೇ. ಸೋಮವಾರ ಗಾಡಿ ಹೋಗಲಿಲ್ಲ. ಬಚ್ಚಲ ಆ ಮೂಲೆಯನ್ನು ಯಾರೂ ಉಜ್ಜಕೂಡದು, ಸೀಗೆಕಾಯಿ ನೀರು ಆ ಕಡೆ ಹರಿಯಕೂಡದು ಎಂದು ಅಪ್ಪಣೆಯಾಯಿತು. ಚಿಕ್ಕಪ್ಪ ಬಾವಿಕಟ್ಟೆಯಲ್ಲಿ ಸ್ನಾನ ಮಾಡತೊಡಗಿದ, ಚಳಿಗಾಲದಲ್ಲಿ, ತುಟಿ ಬಿಚ್ಚದೆ.

ಪುಷ್ಯ ಮಾಸದ ಒಂದು ಬೆಳಿಗ್ಗೆ ಅಜ್ಜಿ ನನ್ನನ್ನು ಕೂಗಿದಳು. "ಪಾರೀ, ನಿನ್ನ ಕಣ್ಣು ಚುರುಕೈತೆ, ಬಾ ಇಲ್ಲಿ. ಇದು ಏನು ಹೇಳು." ಒಂದು ಬಿಲ್ಲೆಯ ನಡುವಿನ ಸೀಳಿನಿಂದ ದಾರದೆಳೆಯಂಥದ್ದು ಎದ್ದಿತ್ತು. ತುದಿಯಲ್ಲಿ ಸಾಸಿವೆಯಷ್ಟು ಸುರುಳಿ. ಮುಷ್ಟಿ ಕಟ್ಟಿದ ಕೂಸಿನ ಕೈ.

"ಜರಿಗಿಡ ಅಜ್ಜಿ!"

ಮೂವರೂ ಆ ಹೊಗೆಮಸಿ ಹಿಡಿದ ಬಚ್ಚಲಲ್ಲಿ ಗರ್ಭಗುಡಿಯ ಮುಂದೆ ಕೂತವರಂತೆ ಕೂತೆವು. ಯಾರೂ ಬಿತ್ತಲಿಲ್ಲ, ಯಾರೂ ಮುಚ್ಚಲಿಲ್ಲ. ಒಂದು ಬಟ್ಟೆ ಒಗೆದ ನೀರು ಸಾಕಾಯಿತು. ಅಜ್ಜಿ ಕೈಮುಗಿದು, "ತಾಯೀ, ನಿನ್ನ ಹೊಲ ನನಗೆ ತಿಳೀಲಿಲ್ಲ" ಅಂದಳು. ಅದೇ ವಾರ ಹೊಳಲ್ಕೆರೆಗೆ ಗಾಡಿ ಹೋಯಿತು. ಆ ಹುಡುಗಿಗೆ ಒಂದು ಸೀರೆ, ಕುಪ್ಪಸದ ಕಣ ಕೊಟ್ಟು, ಬೇರೆ ಒಳ್ಳೆ ಕಡೆ ನೋಡ್ರಿ ಎಂದು ಹೇಳಿ ಬಂದರು. ಅವಳು ಹಿರಿಯೂರಿನ ಕಡೆ ಸೊಸೆಯಾಗಿ ಚೆನ್ನಾಗಿ ಬಾಳಿದಳೆಂದು ಕೇಳಿದ್ದೇನೆ.

ಶಿವರಾತ್ರಿ ಕಳೆದ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಹೋಗಲು ಬಂದ. ನನ್ನ ಬಟ್ಟೆಯ ಗಂಟು ಕಟ್ಟುತ್ತ ಚಿಕ್ಕವ್ವ ಬಿಚ್ಚುವಳು, ಮತ್ತೆ ಕಟ್ಟುವಳು. ಅಜ್ಜಿ ಅಪ್ಪನನ್ನು ನೇರ ಬಚ್ಚಲಿಗೆ ಕರೆದುಕೊಂಡು ಹೋದಳು. ಬೀಗರನ್ನು ಬಚ್ಚಲು ನೋಡಲು ಕರೆಯುವುದು ಅವನಿಗೆ ವಿಚಿತ್ರವಾಗಿ ಕಂಡಿರಬೇಕು. ಅಷ್ಟರಲ್ಲಿ ಗಿಡ ಗೇಣುದ್ದ ಇರಲಿಲ್ಲ, ಆದರೆ ಎಲೆ ಸೀಳಿಕೊಂಡಿತ್ತು.

"ನೋಡಪ್ಪ, ಈ ಬಿಲ್ಲೆ ನೋಡು, ಈ ಗಿಡ ನೋಡು. ಒಂದರಂಗೆ ಒಂದು ಐತಾ?"

"ಇಲ್ರಿ ಅತ್ತೆ."

"ಆದ್ರೂ ಇದರ ಮಡಿಲಾಗೆ ಅದು ಬೆಳೀತು. ನನ್ನ ಸೊಸಿ ಹೆರ್ಬೇಕು ಅಂತ ನಾನು ಕುಂತಿದ್ದೆ. ನಾವು ಕೇಳೋಕ್ಕಿಂತ ಮುಂಚೇನೇ ಗಂಗಮ್ಮ ಕೂಸನ್ನ ಗಾಡಿಯಾಗೆ ಕೂರ್ಸಿ ಕಳ್ಸಿದ್ಲು, ನನಗೆ ಕಾಣ್ಲಿಲ್ಲ. ಪಾರಿನ ಇಲ್ಲೇ ಬಿಡು. ಬಿಡಲ್ಲ ಅಂತೀಯಾ?"

ಅಪ್ಪ ನನ್ನ ಕಡೆ ನೋಡಿದ. ನಾನು ಚಿಕ್ಕವ್ವನ ಸೆರಗು ಹಿಡಿದಿದ್ದೆ. ಅವನು ಊಟ ಮಾಡಿ, ಮೇಲು ಹೊದಿಕೆ ಹೆಗಲಿಗೆ ಹಾಕಿಕೊಂಡು, ಬಂದ ಗಾಡಿಯಲ್ಲಿ ಒಬ್ಬನೇ ಹೋದ. ಅವ್ವ ಅತ್ತಳಂತೆ. ಆಮೇಲೆ ಒಪ್ಪಿದಳಂತೆ. ಎರಡು ತವರು ಕೊಟ್ಟ ದೇವರಿಗೆ ನಾನು ಇವತ್ತಿಗೂ ದೀಪ ಹಚ್ಚುವಾಗ ಎರಡು ಸಲ ಕೈಮುಗಿಯುತ್ತೇನೆ.

ಚಿಕ್ಕವ್ವನಿಗೆ ಮಕ್ಕಳಾಗಲಿಲ್ಲ. ಗಂಗಮ್ಮ ಸುಳ್ಳಾಡಿದಳೆಂದು ಅಜ್ಜಿ ಒಂದು ದಿನವೂ ಅನ್ನಲಿಲ್ಲ.

ಈಗ ನನ್ನ ಮೊಮ್ಮಗಳು ಕಾಲೇಜಿನಲ್ಲಿ ಗಿಡಮರಗಳ ಶಾಸ್ತ್ರ ಓದುತ್ತಾಳೆ. ಅವಳು ಹೇಳುವುದನ್ನು ಕೇಳಿದರೆ ನನ್ನ ಹಿತ್ತಲು ಮತ್ತೂ ದೊಡ್ಡದಾಗುತ್ತದೆ. ಈ ಜರಿಗಿಡಗಳು ಭೂಮಿಯ ಮೇಲೆ ಹೂವೆಂಬುದೇ ಹುಟ್ಟುವ ಮುಂಚಿನವಂತೆ. ಮರದಷ್ಟು ಎತ್ತರದವು ಇವೆಯಂತೆ, ನೀರ ಮೇಲೆ ತೇಲುವವು ಇವೆಯಂತೆ. ಕೆರೆಯಂಚಿನಲ್ಲಿ ಬೆಳೆಯುವ ನಾಲ್ಕೆಲೆಯ ಸೊಪ್ಪು ಕೂಡ ಇದೇ ಕುಲದ್ದಂತೆ. ಲೋಕದಲ್ಲಿ ಇವು ಇಲ್ಲದ ಸೀಮೆಯೇ ಅಪರೂಪವಂತೆ. ಅಜ್ಜಿ ಬೀಜ ಅಂದದ್ದು ಪೂರ್ತಿ ಬೀಜವಲ್ಲ, ಅದಕ್ಕೂ ಮುಂಚಿನ ಕಣ. ಆ ಹಸಿರು ಬಿಲ್ಲೆಯಲ್ಲಿಯೇ ಗಂಡೂ ಹೆಣ್ಣೂ ಇರುತ್ತವೆ. ಎರಡೂ ಕೂಡಬೇಕಾದರೆ ನಡುವೆ ಒಂದು ತೆಳ್ಳನೆಯ ನೀರಿನ ಪೊರೆ ಬೇಕೇ ಬೇಕು, ಅದರಲ್ಲಿ ಗಂಡು ಈಜಿಕೊಂಡು ಹೋಗಬೇಕು ಎಂದಳು. ಒಂದು ಹನಿ ನೀರಿಲ್ಲದಿದ್ದರೆ ಮುಂದಿನ ಗಿಡವೇ ಇಲ್ಲ. ನಾನು ಕನ್ನಡಕ ತೆಗೆದಿಟ್ಟೆ. ಗಂಗಮ್ಮನಿಗೆ ತನ್ನ ಕೆಲಸ ಗೊತ್ತಿಲ್ಲವೇ?

ಆ ಮನೆ ಬೇರೆಯವರದಾಗಿದೆ. ಬಾವಿಗೆ ಕಲ್ಲುಚಪ್ಪಡಿ ಮುಚ್ಚಿದ್ದಾರೆ, ಬಚ್ಚಲಿಗೆ ಸಿಮೆಂಟು ಬಂದಿದೆ. ಅದರ ಮೇಲೆ ಏನೂ ಹುಟ್ಟದು. ಬಂಡೆಗಳಿವೆ, ಮಳೆ ಬಿದ್ದರೆ ಸಂದಿನ ಆ ಹಸಿರು ಜುಟ್ಟು ಈಗಲೂ ಬಿಚ್ಚಿಕೊಳ್ಳುತ್ತದೆ, ಅಷ್ಟು ಉಳಿದಿದೆ, ದೇವರು ದೊಡ್ಡವನು. ಮೊಮ್ಮಗಳು ಒಂದೊಂದಕ್ಕೂ ಉದ್ದನೆಯ ಹೆಸರು ಹೇಳುತ್ತಾಳೆ, ನನ್ನ ನಾಲಿಗೆ ತಿರುಗುವುದಿಲ್ಲ. ಬಚ್ಚಲಲ್ಲಿ ಜರಿಗಿಡ ಎಲೆ ಬಿಟ್ಟ ದಿನದಿಂದ ಬಸಜ್ಜಿ ಅದಕ್ಕೆ ಮಡಿಲುಸೊಪ್ಪು ಅನ್ನುತ್ತಿದ್ದಳು, ಹಳೆಯ ಹೆಸರನ್ನು ಮತ್ತೆ ಬಾಯಿಗೆ ತರಲಿಲ್ಲ, ನಮ್ಮನ್ನೂ ತರಗೊಡಲಿಲ್ಲ. ಮಡಿಲುಸೊಪ್ಪು ಎಂಬ ಹೆಸರು ನಮ್ಮ ಮನೆಯ ಹೊಸಲು ದಾಟಿ ಹೋದದ್ದಲ್ಲ. ಹಾಗೆ ಕರೆಯುವವರು ನಾವು ಮೂವರಿದ್ದೆವು. ಈಗ ನಾನೊಬ್ಬಳೇ.